ನಾನು ಕೊಟ್ಟ ಎರಡು ನೋಟೀಸು

ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಮುದುಕ ಏನೋ ನಾಲ್ಕು ಒಳ್ಳೆಯ ಮಾತು ಹೇಳಿಯಾನು ಎಂಬ ಆಸೆ ಅವರಿಗೆ. ಬಂದವರು ಬಡ್ತಿಯ ವಿಷಯ ಕೇಳುವುದಿಲ್ಲ, ವರ್ಗಾವಣೆಯ ವಿಷಯ ಕೇಳುವುದಿಲ್ಲ. ಕಾಫಿ ಲೋಟ ಕೆಳಗಿಡುವ ಮುಂಚೆಯೇ, 'ಮನೆಯಿಂದ ಕೆಲಸ ಮಾಡೋಕೆ ಬಿಡ್ತಾರಾ ಸಾರ್?' ಎನ್ನುತ್ತಾರೆ.

ಈ ಪ್ರಶ್ನೆಗೆ ಉತ್ತರ ಹೇಳಲು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಸೋಸಿದರೂ ನನಗಿಂತ ಅರ್ಹನಾದವನು ಸಿಕ್ಕುವುದಿಲ್ಲ. ಯಾಕೆಂದರೆ ಈ ಮೂರು ತಾಲ್ಲೂಕಿನ ನಮ್ಮ ಇಲಾಖೆಯ ನೌಕರರಿಗೆ ಮನೆಯಿಂದ ಕೆಲಸ ಮಾಡುವ ಹುಮ್ಮಸ್ಸು ತುಂಬಲು ನೇಮಕವಾಗಿದ್ದವನು ನಾನೇ. ಹುಮ್ಮಸ್ಸು ತುಂಬುತ್ತಿದ್ದ ಅಷ್ಟೂ ಕಾಲ ನಾನು ಮಾತ್ರ ಒಂದು ದಿನವೂ ಮನೆಯಿಂದ ಕೆಲಸ ಮಾಡಲಿಲ್ಲ. ಅದು ಆಗದ ಕೆಲಸ ಎಂದು ನನಗೆ ಖಾತ್ರಿ ಇತ್ತು. ಊರಿಗೆ ಬುದ್ಧಿ ಹೇಳುವ ಕೆಲಸಕ್ಕೆ ಸಂಬಳವೂ ಸಿಕ್ಕರೆ ಬಿಡುವವರು ಯಾರು?

ಇಲಾಖೆಯ ಹೆಸರು ಹೇಳುವುದಿಲ್ಲ. ರಸ್ತೆ ಹಾಕುವ, ಔಷಧಿ ಕೊಡುವ ಇಲಾಖೆಯಲ್ಲ, ಬರೀ ಕಾಗದದ ಇಲಾಖೆ ಎಂದರೆ ಸಾಕು. ಅರ್ಜಿ ಬರುತ್ತದೆ, ಅದರ ಮೇಲೆ ಒಬ್ಬರು ಟಿಪ್ಪಣಿ ಬರೆಯುತ್ತಾರೆ, ಆ ಟಿಪ್ಪಣಿಯ ಮೇಲೆ ಇನ್ನೊಬ್ಬರು ಟಿಪ್ಪಣಿ ಬರೆಯುತ್ತಾರೆ, ಎಲ್ಲರ ಕೈ ನೊಂದ ಮೇಲೆ ಒಂದು ಆದೇಶ ಹೊರಬೀಳುತ್ತದೆ. ಕೊಳ್ಳೇಗಾಲದ ಕಚೇರಿಯಲ್ಲಿ ನಾನು ಶಿರಸ್ತೇದಾರ, ಎಂದರೆ ಗುಮಾಸ್ತರ ಮೇಲೆ ಕೂತು ಅವರ ತಪ್ಪು ಹುಡುಕುವವನು. ಅದರಲ್ಲಿ ನಾನು ಗಟ್ಟಿಗನೇ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹಾಜರಿ ಪುಸ್ತಕವನ್ನು ಎಳೆದುಕೊಂಡು, ಬರದವರ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಗೀಟು ಹಾಕುವುದು ನನ್ನ ದಿನದ ಮೊದಲ ಸಂತೋಷ. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದ ದಿನ ನನಗೆ ಕಾಫಿ ರುಚಿಸುತ್ತಿರಲಿಲ್ಲ.

ಆ ಗೀಟು ಎಲ್ಲರಿಗಿಂತ ಹೆಚ್ಚು ಬೀಳುತ್ತಿದ್ದದ್ದು ಚಿಕ್ಕತಾಯಮ್ಮನವರ ಹೆಸರಿನ ಮುಂದೆ. ಅವರ ಗಂಡ ನಮ್ಮ ಕಚೇರಿಯಲ್ಲೇ ಜವಾನನಾಗಿದ್ದು, ಸರ್ವೀಸಿನಲ್ಲಿ ಇರುವಾಗಲೇ ತೀರಿಕೊಂಡಿದ್ದ. ಅನುಕಂಪದ ಮೇಲೆ ಹೆಂಡತಿಗೆ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಊರು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ, ಕಾಡಿನ ಅಂಚು. ಅಲ್ಲಿಂದ ಹನೂರು, ಹನೂರಿನಿಂದ ಕಾಮಗೆರೆ ಮೇಲೆ ಕೊಳ್ಳೇಗಾಲ, ಎರಡು ಬಸ್ಸು. ಒಂದು ದಿನ ಮುಕ್ಕಾಲು ಗಂಟೆ ತಡವಾಗಿ ಬಂದವರು ಕಾರಣದ ಕಾಲಮಿನಲ್ಲಿ 'ಆನೆ' ಎಂದಷ್ಟೇ ಬರೆದರು. ಆ ಕಡೆಯ ನೌಕರರು ಆನೆ ಎಂದರೆ ಯಾರೂ ಪುರಾವೆ ಕೇಳುವ ಪದ್ಧತಿ ಇರಲಿಲ್ಲ. ನಾನು ಕೇಳಿದೆ. 'ಆನೆ ಅಂದ್ರೆ ಆಯ್ತೇನಮ್ಮ, ಆಧಾರ ಏನು?' ಎಂದೆ. ಅವರು ತಣ್ಣಗೆ, 'ಅದು ಸೈನ್ ಮಾಡ್ನಿಲ್ಲ ಸಾ' ಎಂದರು. ಇಡೀ ಕಚೇರಿ ಕಡತಗಳಲ್ಲಿ ಮುಖ ಹುದುಗಿಸಿ ನಕ್ಕಿತು. ಆಮೇಲೆ ಆನೆಯ ವಿಷಯದಲ್ಲಿ ನಾನು ಬಾಯಿ ತೆರೆಯಲಿಲ್ಲ.

ಆ ಸುತ್ತೋಲೆ ಬಂದದ್ದು ಕೊರೊನಾ ಕಳೆದ ಮೇಲೆ. ಬರೀ ಕಾಗದದ ಕೆಲಸ ಮಾಡುವ ನೌಕರರಲ್ಲಿ ಮೂವರನ್ನು ಆರಿಸಿ, ಪೂರ್ತಿ ಮನೆಯಿಂದಲೇ ಕೆಲಸ ಮಾಡಿಸಿ. ಆರು ತಿಂಗಳು ನೋಡಿ, ಮುಂದುವರಿಸಬೇಕೋ ಬೇಡವೋ ವರದಿ ಕೊಡಿ. ಇದಕ್ಕೊಬ್ಬ ಉಸ್ತುವಾರಿ ಅಧಿಕಾರಿಯನ್ನು ನೇಮಿಸಿ, ಅವರು ನೌಕರರಲ್ಲಿ ಪ್ರಚಾರ ಮಾಡಲಿ ಎಂದಿತ್ತು. ಉಸ್ತುವಾರಿಯನ್ನು ಆರಿಸುವ ಸಭೆ ನಡೆದ ದಿನ ನಾನು ಕಾಮಗೆರೆಯ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಿದ್ದೆ. ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಬೇಕು: ಸರ್ಕಾರಿ ಕಚೇರಿಯಲ್ಲಿ ಯಾವ ಸಭೆಯನ್ನೂ ತಪ್ಪಿಸಬಾರದು. ಇಲ್ಲದವನ ತಲೆಯೇ ಎಲ್ಲದಕ್ಕೂ ಸರಿಹೋಗುವ ತಲೆ. ಸಂಜೆ ಬಂದಾಗ ಜವಾನ ಒಂದು ಕಾಗದ ಹಿಡಿದು ನಿಂತಿದ್ದ. ಕಣ್ಣಿಗೆ ಔಷಧಿ ಬಿಟ್ಟಿದ್ದರು, ಅಕ್ಷರ ಕಾಣಲಿಲ್ಲ. ಸಹಿ ಹಾಕಿ ತೆಗೆದುಕೊಂಡೆ. ಮಾರನೆಯ ದಿನ ಕಣ್ಣು ತಿಳಿಯಾದ ಮೇಲೆ ನೋಡಿದರೆ ಉಸ್ತುವಾರಿ ನಾನೇ.

ನಮ್ಮ ಸಾಹೇಬರಿಗೂ ಈ ಯೋಜನೆಯಲ್ಲಿ ನಂಬಿಕೆ ಇರಲಿಲ್ಲ. ಅವರು ಬೇರೆ ಜಿಲ್ಲೆಯವರು, ಕೆಟ್ಟವರಲ್ಲ, ಹೆದರುವ ಜೀವ. ಯಾವ ಕಡತ ಇಟ್ಟರೂ, 'ಇದಕ್ಕೆ ಮುಂಚೆ ಯಾರಾದ್ರೂ ಹೀಗೆ ಮಾಡಿದ್ದಾರೇನ್ರೀ?' ಎಂದು ಕೇಳುವರು. ಮಾಡಿದ್ದಾರೆ ಎಂದರೆ ಸಹಿ, ಇಲ್ಲ ಎಂದರೆ 'ಚರ್ಚಿಸಿ' ಎಂದು ಬರೆದು ವಾಪಸ್ಸು. ಹಾಗೆ ಚರ್ಚೆಗೆ ಕಾದು ಕೂತಿದ್ದ ಕಡತಗಳಿಗೆ ಗೆದ್ದಲು ಹಿಡಿದಿತ್ತು.

ನಾನು ಪ್ರಚಾರ ಶುರುಮಾಡಿದೆ. ಬ್ಯಾನರ್ ಬರೆಸಿದೆ. 'ಮನೆಯೇ ಕಚೇರಿ, ಮನಸ್ಸೇ ಮೇಲಧಿಕಾರಿ' ಎಂಬ ಘೋಷಣೆ ನನ್ನದೇ, ಎರಡು ದಿನ ಕೂತು ಕಟ್ಟಿದ್ದು. ಅದನ್ನು ತಂದು ಕಚೇರಿಯಲ್ಲೇ ಕಟ್ಟಿಸಿದೆ. ಮನೆಯಲ್ಲಿರುವವರು ಕಚೇರಿಯ ಬ್ಯಾನರನ್ನು ಹೇಗೆ ನೋಡುತ್ತಾರೆ ಎಂದು ನನಗೂ ಹೊಳೆಯಲಿಲ್ಲ, ಕಟ್ಟಿದವನಿಗೂ ಹೊಳೆಯಲಿಲ್ಲ. ಎರಡು ಬ್ಯಾನರ್ ಮಿಕ್ಕಿದ್ದವು. ನನ್ನ ಹೆಂಡತಿ ಕಮಲಮ್ಮ ಅವುಗಳ ಮೇಲೆ ಆ ವರ್ಷದ ಹುಣಸೆಹಣ್ಣು ಒಣಗಿಸಿದಳು. ನನ್ನ ಪ್ರಚಾರದಿಂದ ಆದ ಮೊದಲ ಪ್ರಯೋಜನ ಅದು.

ಆಮೇಲೆ ಸಭೆ ಕರೆದು ಮುಕ್ಕಾಲು ಗಂಟೆ ಮಾತಾಡಿದೆ. ಬಸ್ಸಿನ ದಣಿವಿಲ್ಲ, ಬಿಸಿ ಊಟ, ಕೆಲಸದಲ್ಲಿ ಗಮನ ಎಂದೆಲ್ಲ ಹೇಳಿ, 'ಯಾರು ಮುಂದೆ ಬರ್ತೀರಿ?' ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಚಿಕ್ಕತಾಯಮ್ಮ ಒಬ್ಬರೇ ಉಳಿದರು.

'ಸಾ, ನನ್ ಹೆಸ್ರು ಬರ್ಕಳಿ.'

'ನಿಮಗ್ಯಾಕಮ್ಮ?'

'ಮಗಳ್ಗೆ ಪಿಡ್ಸ್ ಬತ್ತದೆ ಸಾ. ಓದ್ ತಿಂಗ್ಳು ನಾನ್ ಇಲ್ಲಿದ್ದಾಗ ಒಲೆ ಮುಂದೆ ಬಿದ್ಬುಟ್ಳು. ಬಲಗೈ ಸುಟ್ಟೋಗದೆ. ಸ್ಕೂಲೂ ಬುಡ್ಸಿದ್ದೀನಿ. ಅಕ್ಕಪಕ್ಕದೋರು ಎಷ್ಟ್ ದಿನಾಂತ ನೋಡ್ಕಂಡಾರು? ರಜ ಎಲ್ಲಾ ಮುಗ್ದೋಗದೆ. ಇದೂ ಆಗ್ನಿಲ್ಲ ಅಂದ್ರೆ ರಾಜೀನಾಮೆ ಬರ್ಕೊಟ್ಬುಡ್ತೀನಿ ಸಾ. ಇನ್ನೇನ್ ಮಾಡದು?'

ರಾಜೀನಾಮೆ ಕೊಟ್ಟರೆ ಆ ಮನೆಗೆ ಬೇರೆ ಅನ್ನದ ದಾರಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಿದ ಮಾತನ್ನು ಇಲ್ಲಿ ಬರೆದುಬಿಡುತ್ತೇನೆ, ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ. 'ನಿಮ್ಗೆ ಬೇಕು ಅನ್ನೋದೇ ತೊಂದ್ರೆ ಕಣಮ್ಮ. ಬೇಕಾದೋರಿಗೆ ಕೊಟ್ರೆ ಅದು ಉಪಕಾರ ಆಯ್ತದೆ, ಯೋಜನೆ ಆಗಲ್ಲ. ನಾಳೆ ಮೇಲ್ನೋರು ಕೇಳಿದ್ರೆ ನಾನೇನ್ ಹೇಳ್ಲಿ?' ಎಂದೆ. ಅವರು 'ಆಯ್ತು ಸಾ' ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ನಾನು ನಿಷ್ಪಕ್ಷಪಾತವಾಗಿ ನಡೆದುಕೊಂಡೆನೆಂದು ಬೀಗುತ್ತಾ ಮನೆಗೆ ಬಂದೆ.

ಬೇಡ ಎನ್ನುವ ಮೂವರನ್ನು ಹುಡುಕಿ ಆರಿಸಿದೆ. ಯಳಂದೂರಿನ ನಾಗರಾಜು, ಶಾಗ್ಯದ ಸಿದ್ದರಾಜು, ಕೊಳ್ಳೇಗಾಲದವರೇ ಆದ ಇನ್ನೊಬ್ಬ ಹಿರಿಯರು. ಆ ಹಿರಿಯರು ಮೂರನೆಯ ದಿನವೇ ವೈದ್ಯರ ಸರ್ಟಿಫಿಕೇಟು ತಂದುಕೊಟ್ಟರು. ಹಗಲು ಮನೆಯಲ್ಲಿದ್ದರೆ ಇವರ ರಕ್ತದೊತ್ತಡ ಏರುತ್ತದೆ ಎಂದು ಅದರಲ್ಲಿ ಬರೆದಿತ್ತು. ಕಚೇರಿಗೆ ಬರಲಾಗದು ಎಂಬ ಸರ್ಟಿಫಿಕೇಟು ಸಾವಿರ ನೋಡಿದ್ದೆ, ಮನೆಯಲ್ಲಿರಲಾಗದು ಎಂಬುದನ್ನು ನೋಡಿದ್ದು ಅದೊಂದೇ. ಅವರನ್ನು ಬಿಟ್ಟೆ. ಸುತ್ತೋಲೆಯಲ್ಲಿ ಮೂವರು ಎಂದಿತ್ತಲ್ಲ, ಜಾಗ ಖಾಲಿ ಬಿಡುವಂತಿಲ್ಲ. ಬೇರೆ ಯಾರೂ ಒಪ್ಪಲಿಲ್ಲ. ಹಾಗೆ, ಖಾಲಿ ಜಾಗ ತುಂಬಲು, ಚಿಕ್ಕತಾಯಮ್ಮನವರ ಹೆಸರು ಬರೆದೆ. ಅವರಿಗೆ ಅದು ಸಿಕ್ಕಿದ್ದು ನನ್ನ ಒಳ್ಳೆಯತನದಿಂದಲ್ಲ, ಇನ್ನೊಬ್ಬರ ರಕ್ತದೊತ್ತಡದಿಂದ.

ಈಗ ನಾಗರಾಜುವಿನ ಕಥೆ. ಹುಡುಗ ಚುರುಕು, ಕಂಪ್ಯೂಟರ್ ಬಲ್ಲವನು. ಮನೆಯಿಂದ ಅವನ ಕಡತಗಳು ಗಡಿಯಾರದ ಹಾಗೆ ಬರುತ್ತಿದ್ದವು. ನೋಡಿ ಸಾರ್, ಯಳಂದೂರು ಮಾದರಿ ಎಂದು ಸಾಹೇಬರ ಮುಂದೆ ಹೇಳಿಕೊಂಡೆ. ಒಂದು ಮಧ್ಯಾಹ್ನ ಹಳೆಯ ಕಡತವೊಂದು ಬೇಕಾಗಿ ನಾನೇ ರೆಕಾರ್ಡ್ ರೂಮಿಗೆ ಹೋದೆ. ಬೀರುಗಳ ಹಿಂದೆ ಏನೋ ಟಕಟಕ ಸದ್ದು. ಇಲಿ ಎಂದುಕೊಂಡು ಇಣುಕಿದರೆ, ಕಟ್ಟಿಟ್ಟ ಕಡತಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಗರಾಜು ಕೂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಪಕ್ಕದಲ್ಲಿ ಊಟದ ಡಬ್ಬಿ. ನನ್ನನ್ನು ಕಂಡವನು ಕಳ್ಳನ ಹಾಗೆ ಎದ್ದು ನಿಂತ.

'ಏನಯ್ಯಾ ಇದು?'

'ಮನೇಲಿ ಇರಕ್ಕಾಯ್ತಿಲ್ಲ ಸಾ. ಆಗ್ಲೊತ್ನಲ್ಲಿ ಮನೇಲವ್ನೆ ಅಂದ್ರೆ ಸಸ್ಪೆಂಡ್ ಆಗವ್ನೆ ಅಂತ ಊರೋರೆಲ್ಲಾ ಮಾತಾಡ್ತಾವ್ರೆ. ನಮ್ ಮಾವ ಬಾಳೆಹಣ್ ತಕಂಡು ನೋಡಕ್ ಬಂದುದ್ರು. ಎಷ್ಟ್ ತಿಂಗ್ಳಿಗಪ್ಪಾ, ಯಾವ್ ಕೇಸು ಅಂತ ಕೇಳುದ್ರು. ಸರ್ಕಾರ್ದೋರೇ ಮನೇಲಿರು ಅಂದವ್ರೆ ಮಾವ ಅಂದೆ. ಅದನ್ನೇ ಕಣಪ್ಪಾ ಸಸ್ಪೆಂಡ್ ಅನ್ನದು ಅಂದ್ಬುಟ್ರು ಸಾ.'

ಎರಡು ತಿಂಗಳಿಂದ ಅವನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕಸ ಗುಡಿಸುವವಳ ಕೈಕಾಲು ಹಿಡಿದು ಬಾಗಿಲು ತೆಗೆಸಿಕೊಂಡು, ಅಲ್ಲಿ ಅಡಗಿ ಕೆಲಸ ಮಾಡುತ್ತಿದ್ದನಂತೆ. ನಾನು ಮೆಚ್ಚಿದ ಯಳಂದೂರು ಮಾದರಿ ನನ್ನ ಕುರ್ಚಿಯಿಂದ ಮೂವತ್ತು ಅಡಿ ದೂರದಲ್ಲಿತ್ತು.

ನಕ್ಕು ಸುಮ್ಮನಾಗಬೇಕಾಗಿತ್ತು. ಆದರೆ ನಾನು ಶಿರಸ್ತೇದಾರ. ನಿಯಮ ಮೀರಿದ್ದಾನೆ, ಏನಾದರೂ ಮಾಡಲೇಬೇಕು. ಕೂತು ನೋಟೀಸು ಬರೆದೆ: 'ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ ಕಚೇರಿಗೆ ಹಾಜರಾಗಿ ಕರ್ತವ್ಯ ನಿರ್ವಹಿಸಿರುವುದಕ್ಕೆ ವಿವರಣೆ ನೀಡತಕ್ಕದ್ದು.' ಕಚೇರಿಗೆ ಬಂದು ಕೆಲಸ ಮಾಡಿದ್ದಕ್ಕೆ ಸರ್ಕಾರಿ ನೌಕರನಿಗೆ ನೋಟೀಸು ಕೊಟ್ಟವನು ನನ್ನ ಹಾಗೆ ಇನ್ನೊಬ್ಬ ಇದ್ದರೆ ಅವನ ಕಾಲಿಗೆ ಬೀಳುತ್ತೇನೆ. ಅದರ ನಕಲು ಚಾಮರಾಜನಗರದವರೆಗೂ ಫೋನಿನಿಂದ ಫೋನಿಗೆ ಓಡಾಡಿತೆಂದು ಆಮೇಲೆ ತಿಳಿಯಿತು.

ಶಾಗ್ಯದ ಸಿದ್ದರಾಜುವಿನದು ಇದಕ್ಕೆ ತದ್ವಿರುದ್ಧ. ಅವನನ್ನು ಊರವರು ಸಸ್ಪೆಂಡ್ ಎಂದುಕೊಳ್ಳಲಿಲ್ಲ. ಸರ್ಕಾರವೇ ಶಾಗ್ಯಕ್ಕೆ ಒಂದು ಕಚೇರಿ ಕೊಟ್ಟಿದೆ ಎಂದುಕೊಂಡರು. ಬೆಳಿಗ್ಗೆ ಏಳಕ್ಕೇ ಜಗಲಿಯ ತುಂಬ ಜನ. ನಮ್ಮ ಇಲಾಖೆಯ ಅರ್ಜಿ ಇರಲಿ, ರೇಷನ್ ಕಾರ್ಡು, ಹಸುವಿನ ವಿಮೆ, ಕರೆಂಟಿನ ತಕರಾರು ಎಲ್ಲ ಅಲ್ಲಿಗೇ. ಎಮ್ಮೆ ಕಳೆದುಹೋಯಿತೆಂದು ದೂರು ಕೊಡಲು ಬಂದವನೂ ಇದ್ದ. ಸಿದ್ದರಾಜು ಬಾಯಿಸತ್ತ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರ. ಹಿಂಬಾಗಿಲಿನಿಂದ ದನದ ಕೊಟ್ಟಿಗೆಗೆ ಹೋಗಿ ಕೂತು ಕೆಲಸ ಮಾಡಿದ, ಅಲ್ಲಿಗೂ ಬಂದರು. ಒಂದು ದಿನ ಅವನ ಹೆಂಡತಿಯೇ ನನಗೆ ಫೋನ್ ಮಾಡಿದಳು.

'ಸಾ, ಟೀ ಕಾಯ್ಸಿ ಕಾಯ್ಸಿ ಸಾಕಾಗೋಗದೆ ನಂಗೆ. ನಿಮ್ ಆಪೀಸ್ನ ನೀವೇ ವಾಪಸ್ ತಕಂಡೋಗ್ಬುಡಿ. ನಮ್ ಯಜಮಾನ್ರನ್ನೂ ಅದ್ರ ಜೊತೇಲೇ ಕರ್ಕಂಡೋಗಿ.'

ಹೀಗೆ ನಾಲ್ಕನೆಯ ತಿಂಗಳ ಹೊತ್ತಿಗೆ ಇಬ್ಬರೂ ಕಚೇರಿಗೆ ವಾಪಸ್ಸು ಬಂದರು. ಉಳಿದದ್ದು ಚಿಕ್ಕತಾಯಮ್ಮ ಒಬ್ಬರೇ.

ಅವರಿಂದ ಯಾವ ಸುದ್ದಿಯೂ ಇರಲಿಲ್ಲ. ಕಡತ ಹೋಗುತ್ತಿತ್ತು, ಬರುತ್ತಿತ್ತು, ಅಷ್ಟೆ. ಅದೇ ನನ್ನ ತಲೆ ಕೆಡಿಸಿತು. ನನ್ನ ಕಾಲದ ಪದ್ಧತಿಯಲ್ಲಿ ಕಡತ ಎಂದರೆ ಕೆಂಪು ದಾರದಲ್ಲಿ ಕಟ್ಟಿದ್ದು, ಜವಾನ ಹೊತ್ತು ತಂದು ಮೇಜಿನ ಮೇಲೆ ಕುಕ್ಕುವಂಥದ್ದು. ಕಂಪ್ಯೂಟರಿನಲ್ಲಿ ಬರುವ ಕಡತವನ್ನು ನನ್ನ ಮನಸ್ಸು ಕಡತವೆಂದೇ ಒಪ್ಪುತ್ತಿರಲಿಲ್ಲ. ಅವರ ಟಿಪ್ಪಣಿ ಬಂದರೆ ಅದರ ಪ್ರಿಂಟು ತೆಗೆಸಿ, ಕೆಂಪು ಮಸಿಯಲ್ಲಿ ಸಹಿ ಹಾಕಿ, ಸ್ಕ್ಯಾನ್ ಮಾಡಿಸಿ, ಮತ್ತೆ ಕಂಪ್ಯೂಟರಿಗೆ ಹಾಕಿಸುತ್ತಿದ್ದೆ. ಒಂದು ತಿಂಗಳಾದ ಮೇಲೆ ಅವರು ಫೋನ್ ಮಾಡಿ, 'ಸಾ, ಕೆಳ್ಗಡೆ ಒಪ್ಪಿದೆ ಅಂತ ಒಂದು ಬಟನ್ ಅದೆ, ಒತ್ತುದ್ರೆ ಸಾಕು' ಎಂದರು. ಕೆಳಗಿನವರಿಂದ ಕಲಿತದ್ದು ಯಾರಿಗೂ ಗೊತ್ತಾಗದಿರಲಿ ಎಂದು ಇನ್ನೂ ಒಂದು ವಾರ ಪ್ರಿಂಟು ತೆಗೆಸಿದೆ.

ಮನುಷ್ಯರು ಕಣ್ಣಿಗೆ ಕಾಣದೆ ಮೇಲ್ವಿಚಾರಣೆ ಮಾಡುವುದು ಹೇಗೆ? ದಿನಕ್ಕೆ ಮೂರು ಸಲ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಕೂತು ಕೆಲಸ ಮಾಡುತ್ತಿರುವ ಫೋಟೋ ಕಳಿಸಬೇಕೆಂದು ಅಪ್ಪಣೆ ಮಾಡಿದೆ. ಕಳಿಸಿದರು. ಸಂಜೆ ಮನೆಯಲ್ಲಿ ಕೂತು ಆ ಫೋಟೋಗಳನ್ನು ದೊಡ್ಡದು ಮಾಡಿ, ಹಿಂದಿನ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ನೋಡುತ್ತಿದ್ದೆ. ಕಮಲಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದವಳು ತಡೆಯಲಾರದೆ ಕೇಳಿದಳು.

'ಅಲ್ಲಾ ಕಣ್ರಿ, ಮಾವ ಮಗ್ಗದ್ ಗುಂಡೀಲಿ ಕಾಲ್ ಇಳಿಬುಟ್ಕಂಡು ಕುಂತ್ರೆ ಯಾರ್ ಬಂದು ಹಾಜ್ರಿ ತಕತಿದ್ರು?'

ನಾವು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆತನದವರು. ನಮ್ಮಪ್ಪ ಹುಟ್ಟಿದ್ದು, ನೇಯ್ದದ್ದು, ತೀರಿಕೊಂಡದ್ದು ಎಲ್ಲ ಒಂದೇ ಮನೆಯಲ್ಲಿ. ನಮ್ಮವ್ವ ಅಡಿಗೆಗೂ ಮಗ್ಗದ ನೂಲಿನ ಕಂಡಿಕೆ ಸುತ್ತುವುದಕ್ಕೂ ನಡುವೆ ಹತ್ತು ಸಲ ಎದ್ದು ಕೂರುತ್ತಿದ್ದಳು. ಸೀರೆ ಕೊಳ್ಳುವ ಯಜಮಾನರು ಒಂದು ದಿನವೂ ಗಂಟೆ ಕೇಳಿದವರಲ್ಲ. ಸೀರೆ ಮಗ್ಗದಿಂದ ಇಳಿದ ದಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಎಳೆ ತಪ್ಪಿದ್ದರೆ ತೋರಿಸುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದರು. ಅಂಥ ಮನೆಯ ಅನ್ನ ತಿಂದು ಬೆಳೆದ ನಾನು, ಮನೆಯಲ್ಲಿ ಕೂತು ಯಾರಾದರೂ ಕೆಲಸ ಮಾಡಲು ಸಾಧ್ಯವೇ ಎಂದು ಕೇಳುತ್ತಿದ್ದೆ. ಹೆಂಡತಿಗೆ, 'ನಿಂಗೆ ಸರ್ಕಾರಿ ವಿಷಯ ಗೊತ್ತಾಗಲ್ಲ, ಸುಮ್ನಿರೇ' ಎಂದೆ. ಫೋಟೋಗಳನ್ನೂ ನಿಲ್ಲಿಸಲಿಲ್ಲ.

ಐದನೆಯ ತಿಂಗಳು ಆ ದಿನ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರಿಗೆ ಮೇಲಿನವರ ಜೊತೆ ವಿಡಿಯೋ ಮೀಟಿಂಗ್. ಅದಕ್ಕೆ ಬೇಕಾದ ಕಡತ ಚಿಕ್ಕತಾಯಮ್ಮನವರ ಹತ್ತಿರ. ಹನ್ನೊಂದೂವರೆಯೊಳಗೆ ಕಳಿಸಿ ಎಂದು ಬೆಳಿಗ್ಗೆಯೇ ಹೇಳಿದ್ದೆ. ಹನ್ನೊಂದೂಕಾಲಾಯಿತು, ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಒಟ್ಟು ಏಳು ಸಲ ಮಾಡಿದೆ. ಸಾಹೇಬರು ಕಡತವಿಲ್ಲದೆ ಮೀಟಿಂಗಿನಲ್ಲಿ ಕೂತು, ಕೇಳಿದ್ದಕ್ಕೆಲ್ಲ 'ಪರಿಶೀಲಿಸ್ತೇನೆ ಸಾರ್' ಎಂದು, ಎಲ್ಲರೆದುರು ಬೈಸಿಕೊಂಡರು. ಕಡತ ಬಂದದ್ದು ಎರಡೂವರೆಗೆ, ಅಚ್ಚುಕಟ್ಟಾಗಿ, ಒಂದು ತಪ್ಪೂ ಇಲ್ಲದೆ.

ಸಾಹೇಬರು ನನ್ನನ್ನು ಕರೆದು, 'ಮೊದಲೇ ಹೇಳಿದ್ನಲ್ಲ ಕಣ್ರೀ, ಇದೆಲ್ಲ ನಮ್ಮಲ್ಲಿ ಆಗೋ ಮಾತಲ್ಲ. ಆರು ತಿಂಗಳೂ ಬೇಡ, ಈಗಲೇ ಮುಗಿಸಿಬಿಡಿ. ವರದಿ ತನ್ನಿ, ಸಹಿ ಹಾಕ್ತೀನಿ' ಎಂದರು.

ನನಗೂ ಅದೇ ಬೇಕಿತ್ತು. ಮೊದಲು ನೋಟೀಸು ಬರೆದೆ. ಮೂರು ದಿನದೊಳಗೆ ವಿವರಣೆ ಕೊಡಿ ಎಂದು ಬರೆದರೆ ಸಾಕಿತ್ತು. ಕೈ ಸುಮ್ಮನಿರಲಿಲ್ಲ. 'ಕರ್ತವ್ಯದ ಅವಧಿಯಲ್ಲಿ ತಾವು ಗೃಹಕೃತ್ಯದಲ್ಲಿ ತೊಡಗಿದ್ದಿರೆಂದು ಏಕೆ ಭಾವಿಸಬಾರದು?' ಎಂದು ಸೇರಿಸಿದೆ. ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿ ಎರಡು ಸಲ ಓದಿಕೊಂಡೆ. ಆಮೇಲೆ ವರದಿಗೆ ಕೈಹಾಕಿ, 'ಮನೆಯಿಂದ ಕೆಲಸ ಮಾಡುವ ಪದ್ಧತಿ ಈ ಭಾಗದ ನೌಕರರಿಗೆ ಹೊಂದುವುದಿಲ್ಲ' ಎಂದು ಶುರುಮಾಡಿ ನಾಲ್ಕು ಪುಟ ಬರೆದೆ. ಆ ವರದಿ ಹೋದರೆ ಚಿಕ್ಕತಾಯಮ್ಮ ಮಾರನೆಯ ವಾರವೇ ಕಚೇರಿಗೆ ಬರಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು. ಆ ಮಗು ಮತ್ತೆ ಒಲೆಯ ಮುಂದೆ ಒಂಟಿ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರೇ ಹೇಳಿದ್ದರು. ಏಳು ಸಲ ಫೋನ್ ಮಾಡಿದವನಿಗೆ, ಯಾಕೆ ಎತ್ತುತ್ತಿಲ್ಲ ಎಂದು ಒಂದು ಸಲವೂ ಹೊಳೆಯಲಿಲ್ಲ. ನಾನು ಮೂವತ್ತಾರು ವರ್ಷ ಮಾಡಿದ ತಪ್ಪುಗಳಲ್ಲಿ ಬಹಳಷ್ಟನ್ನು ಹೇಳಿಕೊಂಡು ನಗಬಲ್ಲೆ, ಇದನ್ನು ಹೇಳುವಾಗ ನಗು ಬರುವುದಿಲ್ಲ.

ಎರಡು ದಿನಕ್ಕೆ ವಿವರಣೆ ಬಂತು. ನಮ್ಮ ಕಚೇರಿಯ ಭಾಷೆಯಲ್ಲೇ, ನಾನೇ ಕಲಿಸಿದ ಮಾದರಿಯಲ್ಲೇ ಇತ್ತು:

'ತಮ್ಮ ನೋಟೀಸು ತಲುಪಿದೆ. ಸದರಿ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಮಗಳಿಗೆ ಮೂರ್ಛೆ ಬಂದಿರುತ್ತದೆ. ಒಂದರ ಹಿಂದೆ ಒಂದು ಎರಡು ಬಾರಿ ಬಂದಿರುತ್ತದೆ. ತಮ್ಮ ಕರೆಗಳು ಬರುತ್ತಿದ್ದುದು ಕೇಳಿಸಿರುತ್ತದೆ. ಆ ವೇಳೆ ನನ್ನ ಎರಡೂ ಕೈಗಳು ಬಿಡುವಾಗಿರಲಿಲ್ಲವೆಂದು ತಮ್ಮ ಅವಗಾಹನೆಗೆ ತರುತ್ತೇನೆ. ಮಗಳಿಗೆ ಔಷಧಿ ಕೊಟ್ಟು ಮಲಗಿಸಿದ ನಂತರ ಕಡತವನ್ನು ಪೂರ್ಣಗೊಳಿಸಿ ಸಲ್ಲಿಸಿರುತ್ತೇನೆ. ತಡವಾಗಿರುವುದು ನಿಜ. ನಾನು ಮನೆಯಲ್ಲಿ ಇದ್ದುದರಿಂದ ಮಗಳಿಗೆ ಯಾವುದೇ ಗಾಯ ಆಗಿರುವುದಿಲ್ಲ.'

ಓದಿ ಕನ್ನಡಕ ತೆಗೆದಿಟ್ಟೆ. ಇಂಥ ವಿವರಣೆಗಳ ಅಂಚಿನಲ್ಲಿ ನಾನು ಬರೆಯುತ್ತಿದ್ದ ಷರಾ ಒಂದೇ: 'ಸಮಂಜಸವಾಗಿಲ್ಲ.' ನೂರಾರು ಜನರ ವಿವರಣೆಗಳ ಮೇಲೆ ಪೂರ್ತಿ ಓದದೆಯೇ ಬರೆದಿದ್ದೇನೆ. ಅವತ್ತು ಅದನ್ನು ಬರೆಯಲಿಲ್ಲ. ಬದಲಿಗೆ, 'ವಿವರಣೆ ಒಪ್ಪಿದೆ. ನೋಟೀಸು ಕೊಟ್ಟದ್ದು ನನ್ನ ತಪ್ಪು. ರದ್ದುಪಡಿಸಿದೆ' ಎಂದು ಬರೆದು ಸಹಿ ಹಾಕಿದೆ. ನಾಲ್ಕು ಪುಟದ ವರದಿ ಹರಿದೆ. ಒಂದು ಪುಟದ ಹೊಸ ವರದಿ ಬರೆದು, ಆ ಹೆಂಗಸಿನ ಐದು ತಿಂಗಳ ಕೆಲಸವನ್ನು ಪಟ್ಟಿ ಮಾಡಿ, ವಿವರಣೆಯನ್ನು ಲಗತ್ತಿಸಿ ಸಾಹೇಬರ ಮುಂದಿಟ್ಟೆ.

ಅವರು ಪಟ್ಟಿ ನೋಡಿದರು. 'ಒಂದು ಕಡತವೂ ಬಾಕಿ ಇಲ್ವೇನ್ರೀ?'

'ಇಲ್ಲ ಸಾರ್. ಕಚೇರಿಯಲ್ಲಿರೋ ನಮ್ಮೆಲ್ಲರ ಹತ್ರಾನೂ ಇದೆ, ಅವರ ಹತ್ರ ಇಲ್ಲ.'

ವಿವರಣೆ ಓದಿದರು. ಓದಿ ಪುಟ ತಿರುವಿದರು, ಹಿಂದೆ ಏನೂ ಇರಲಿಲ್ಲ, ಮತ್ತೆ ಮುಂದಕ್ಕೆ ತಿರುವಿ ಇನ್ನೊಂದು ಸಲ ಓದಿದರು. ಆಮೇಲೆ ಅಭ್ಯಾಸಬಲದಿಂದ ಕೇಳಿಯೇಬಿಟ್ಟರು. 'ಹೀಗೆ ಮನೇಲಿದ್ದುಕೊಂಡು ಇದಕ್ಕೆ ಮುಂಚೆ ಯಾರಾದ್ರೂ ಮಾಡಿದ್ದಾರೇನ್ರೀ?'

'ನಮ್ಮಪ್ಪ ಮಾಡಿದಾರೆ ಸಾರ್' ಎಂದೆ. 'ನಲವತ್ತು ವರ್ಷ.'

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಹುಚ್ಚು ಹಿಡಿಯಿತೇನೋ ಎಂದುಕೊಂಡಿರಬೇಕು. 'ಹೆಚ್ಚುಕಮ್ಮಿಯಾದ್ರೆ ಜವಾಬ್ದಾರಿ ಯಾರದ್ರೀ?' ಎಂದರು. ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಬರೆಸಿಕೊಂಡರು. ಹೆದರುವ ಜೀವ ಎಂದೆನಲ್ಲ, ಆದರೆ ಸಹಿ ಹಾಕಿದರು. ಅಷ್ಟೇ ಅಲ್ಲ, ನನ್ನ ವರದಿಯಲ್ಲಿದ್ದ 'ಸದರಿ ನೌಕರರಿಗೆ ಮುಂದುವರಿಸಬಹುದು' ಎಂಬುದರಲ್ಲಿ ಮೊದಲ ಎರಡು ಪದ ಹೊಡೆದು, 'ಅವಶ್ಯವಿದೆಯೆಂದು ಕೇಳುವ ಎಲ್ಲರಿಗೂ' ಎಂದು ತಮ್ಮ ಕೈಯಾರೆ ತಿದ್ದಿದರು. ಮೇಲಿನಿಂದ ಒಪ್ಪಿಗೆ ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ನಾನು ದಿನಾ ಮೇಲಿನ ಕಚೇರಿಗೆ ಫೋನ್ ಮಾಡಿ ಜನರ ಜೀವ ತಿಂದೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಆದೇಶವನ್ನು ಕಂಪ್ಯೂಟರಿನಲ್ಲಿ ಕಳಿಸಿದ್ದರೆ ಒಂದು ಗಳಿಗೆಯ ಕೆಲಸ. ಅವರು ತೋರಿಸಿಕೊಟ್ಟ ಬಟನ್ನೂ ಈಗ ಗೊತ್ತಿತ್ತು. ಆದರೂ ರದ್ದಾದ ನೋಟೀಸು, ಹೊಸ ಆದೇಶ ಎರಡನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಒಂದು ಗಂಟೆ ಕಾದೆ. ಚಿಕ್ಕತಾಯಮ್ಮ ದಿನಾ ಎರಡು ಹೊತ್ತು ಮಾಡುತ್ತಿದ್ದ ಪ್ರಯಾಣವನ್ನು ನಾನು ಮೊದಲ ಸಲ ಮಾಡಿದೆ. ಲೊಕ್ಕನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು.

ಎರಡು ಅಂಕಣದ ಹಂಚಿನ ಮನೆ. ಬಾಗಿಲು ತೆಗೆದದ್ದು ಮಗಳು ಪವಿತ್ರ, ಹದಿಮೂರು ಹದಿನಾಲ್ಕರ ಹುಡುಗಿ. ಬಲಗೈ ಮೊಣಕೈವರೆಗೂ ಸುಟ್ಟ ಕಲೆ. ಒಳಗೆ ಚಿಕ್ಕತಾಯಮ್ಮ ಲ್ಯಾಪ್‌ಟಾಪ್ ಮುಂದೆ ಕೂತಿದ್ದವರು ತಲೆಯೆತ್ತಿ ನೋಡಿದರು. ಎದ್ದು ನಿಲ್ಲಲಿಲ್ಲ.

'ಕುಂತ್ಕಳಿ ಸಾ. ಈ ಪೈಲು ನಾಲ್ಕು ಗಂಟೆಗ್ ಕಳಿಸ್ಬೇಕು, ಇನ್ನೊಂದ್ ಹತ್ತು ನಿಮ್ಸ' ಎಂದರು.

ಕೂತೆ. ಕಚೇರಿಯಲ್ಲಿ ಜನ ನನ್ನ ಮೇಜಿನ ಮುಂದೆ ಕಾದು ಕೂರುತ್ತಿದ್ದ ಹಾಗೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹುಡುಗಿ ಮಜ್ಜಿಗೆ ತಂದುಕೊಟ್ಟಳು. ಕೊಟ್ಟು ಹೋಗದೆ ಎದುರಿಗೇ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡಿದಳು.

'ಅವತ್ತು ಏಳ್ ಸಲ ಪೋನ್ ಮಾಡುದ್ದೋರು ನೀವೇಯಾ?'

ಚಿಕ್ಕತಾಯಮ್ಮ, 'ಲೇ, ಸುಮ್ಕಿರು' ಎಂದು ಗದರಿದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. 'ಊಂ ಕಣವ್ವ, ನಾನೇ' ಎಂದೆ.

ಅವಳ ಮುಖದಲ್ಲಿ ಕೋಪ ಇರಲಿಲ್ಲ. ದಾರಿ ತಿಳಿಯದವನಿಗೆ ದಾರಿ ಹೇಳುವ ಹಾಗೆ ಹೇಳಿದಳು. 'ಇನ್ಮೇಲೆ ಅವ್ವ ಪೋನ್ ಎತ್ನಿಲ್ಲ ಅಂದ್ರೆ ನಂಗೆ ಬಂದದೆ ಅಂತ ತಿಳ್ಕಳಿ ಸಾ. ಒಂದ್ ಗಂಟೆ ಬುಟ್ಟು ಮಾಡಿ. ಅಷ್ಟೊತ್ಗೆ ಸರೋಗಿರ್ತೀನಿ.'

'ಆಗಲವ್ವ' ಎಂದೆ.

ನನ್ನ ಸರ್ವೀಸಿನಲ್ಲಿ ಮೇಲಿನಿಂದ ಬಂದ ಸುತ್ತೋಲೆಗಳಿಗೆ ಲೆಕ್ಕವಿಲ್ಲ. ಎಷ್ಟೋ ಅರ್ಥವಾಗಲಿಲ್ಲ, ಎಷ್ಟೋ ಓದಲಿಲ್ಲ. ಆ ಹುಡುಗಿ ಕಂಬಕ್ಕೆ ಒರಗಿ ಹೇಳಿದ್ದನ್ನು ಮಾತ್ರ ನಿವೃತ್ತಿಯಾಗುವ ದಿನದವರೆಗೂ ಅಕ್ಷರಶಃ ಪಾಲಿಸಿದೆ. ಚಿಕ್ಕತಾಯಮ್ಮ ಫೋನ್ ಎತ್ತದ ದಿನ ಗಡಿಯಾರ ನೋಡಿಕೊಂಡು ಒಂದು ಗಂಟೆ ಕೂರುತ್ತಿದ್ದೆ. ಆ ಒಂದು ಗಂಟೆ ನನಗೆ ಬೇರೆ ಯಾವ ಕೆಲಸವೂ ಮಾಡಲಾಗುತ್ತಿರಲಿಲ್ಲ.